ತಡೀರಿ, ಸರದಿ ಬರಲಿ

ವಡೋದರಾದ ನಮ್ಮ ಸೊಸೈಟಿಯಲ್ಲಿ ಕನ್ನಡದ ಮನೆ ಎರಡೇ, ನಡುವೆ ಎದೆಮಟ್ಟದ ಕಾಂಪೌಂಡು. ಆಚೆ ಮನೆಯ ಹುಡುಗ ಧಾರವಾಡದ ಕಡೆಯವನು. ಸೂರತ್ತಿನ ರಿಂಗ್ ರೋಡಿನ ಸೀರೆ ವ್ಯಾಪಾರಿಯೊಬ್ಬರಿಗೆ ಪ್ರೋಗ್ರಾಂ ಬರೆದುಕೊಡುತ್ತಾನೆ. ಮೊನ್ನೆ ಚಹಾದ ಕಪ್ಪನ್ನು ಗೋಡೆಯ ಮೇಲಿಟ್ಟು ಹೇಳಿದ: "ಎಲ್ಲಾ ಸೀರೀ ಫೋಟೋ, ರೇಟು ಆನ್‌ಲೈನ್ ಅಂಗಡಿಗೆ ಒಮ್ಮೆಲೇ ಕಳಿಸಿದ್ನಿರಿ ಕಾಕಾ. 429 ಅಂತ ಬಂತು."

404 ಗೊತ್ತಿರುವಷ್ಟು ಜನಕ್ಕೆ 429 ಗೊತ್ತಿಲ್ಲ. ನೀವು ಅತಿಯಾಗಿ ಕೇಳುತ್ತಿದ್ದೀರಿ, ಸ್ವಲ್ಪ ಸುಮ್ಮನಿರಿ ಎಂದು ಸರ್ವರ್ ಹೇಳುವ ಸಂಖ್ಯೆ ಅದು. 2012ರಲ್ಲಿ ನಿಯಮದ ಪುಸ್ತಕ ಸೇರಿತು. ಸಭ್ಯ ಸರ್ವರ್ ಆದರೆ ಎಷ್ಟು ಸೆಕೆಂಡು ಬಿಟ್ಟು ಬರಬೇಕೆಂದೂ ತಿಳಿಸುತ್ತದೆ. ಇವನ ಪ್ರೋಗ್ರಾಂ ಅದನ್ನು ಓದುವ ಗೋಜಿಗೇ ಹೋಗದೆ, ಬೇಡವೆಂದ ಕೂಡಲೇ ಮತ್ತೆ ಕೇಳಿದೆ. ಮೊಬೈಲಿನಲ್ಲಿ ತೋರಿಸಿದ: ಮೇಲಿನಿಂದ ಕೆಳತನಕ 429, 429, 429.

ಈಗ ದಾರಿಗೆ ಬಂದಿದ್ದಾನೆ. ವಿನಂತಿಗಳೆಲ್ಲ ಮೊದಲು ಸರದಿಗೆ. ಅದೂ ಡಿಸ್ಕಿನಲ್ಲಿ, ಕರೆಂಟು ಹೋದರೂ ಅಳಿಯದಂತೆ. ಆಮೇಲೆ ಟೋಕನ್. ದಸರೆಯ ಬೆಳಿಗ್ಗೆ ಫಾಫ್ಡಾ-ಜಲೇಬಿಗೆಂದು ಫರಸಾಣ್ ಅಂಗಡಿಯ ಮುಂದೆ ನಿಂತವರಿಗೆ ಇದನ್ನು ವಿವರಿಸಬೇಕಿಲ್ಲ: ಬಾಣಲೆ ಎಷ್ಟು ಕರಿದೀತೋ ಅಷ್ಟಕ್ಕೇ ಟೋಕನ್, ಕೂಗಾಡಿದರೆ ಎಣ್ಣೆ ಬೇಗ ಕಾಯುವುದಿಲ್ಲ. ಪ್ರೋಗ್ರಾಂನಲ್ಲೂ ಒಂದು ಬಕೆಟ್ಟಿಗೆ ಸೆಕೆಂಡಿಗಿಷ್ಟೆಂದು ಟೋಕನ್ ಬೀಳುತ್ತಿರುತ್ತದೆ. ಟೋಕನ್ ಸಿಕ್ಕ ವಿನಂತಿ ಹೊರಡುತ್ತದೆ, ಸಿಗದ್ದು ಕಾಯುತ್ತದೆ. ಬಕೆಟ್ಟು ತುಂಬಿದ ಮೇಲೆ ಬಿದ್ದದ್ದು ಲೆಕ್ಕಕ್ಕಿಲ್ಲ. ರಾತ್ರಿಯಿಡೀ ಕೂಡಿಟ್ಟು ಬೆಳಿಗ್ಗೆ ಒಮ್ಮೆಲೇ ಸುರಿಯುವ ಜಾಣತನ ನಡೆಯುವುದಿಲ್ಲ.

ಅಷ್ಟಾಗಿಯೂ ಬೇಡವೆನಿಸಿಕೊಂಡರೆ ಒಂದು ಸೆಕೆಂಡು ತಡೆ, ಆಮೇಲೆ ಎರಡು, ನಾಲ್ಕು, ಎಂಟು. ಅದರ ಮೇಲೆ ಮನಸ್ಸಿಗೆ ಬಂದಷ್ಟು ಚೂರುಪಾರು ಸಮಯ ಬೇರೆ. ಅದ್ಯಾಕಪ್ಪಾ ಎಂದೆ. ಒಂದೇ ಹೊತ್ತಿಗೆ ಹಿಂದೆ ಸರಿದವರೆಲ್ಲ ಒಂದೇ ಹೊತ್ತಿಗೆ ಮರಳಿದರೆ ಮತ್ತದೇ ನೂಕುನುಗ್ಗಲಲ್ಲವೇ? 1971ರಲ್ಲೇ ಹವಾಯಿ ದ್ವೀಪಗಳ ನಡುವೆ ರೇಡಿಯೋದಲ್ಲಿ ಕಂಪ್ಯೂಟರ್ ಬೆಸೆದ ಅಲೋಹಾ ಜಾಲದವರು ಈ ಉಪಾಯ ಮಾಡಿದ್ದರು. ಸಂದೇಶಗಳು ಡಿಕ್ಕಿಯಾದರೆ ಒಬ್ಬೊಬ್ಬರೂ ಬೇರೆ ಬೇರೆ ಹೊತ್ತು ಕಾದು ಕಳಿಸಬೇಕು. ಇನ್ನೊಂದು ತೊಡಕಿದೆ: ಜವಾಬು ಬರಲಿಲ್ಲವೆಂದು ಮತ್ತೆ ಕಳಿಸಿದರೆ ಒಂದೇ ಸೀರೆ ಎರಡು ಸಲ ಅಂಗಡಿ ಏರುತ್ತದೆ. ಅದಕ್ಕೇ, ಮತ್ತೆ ಬಂದದ್ದು ಹಳೆಯದೇ ಎಂದು ಅಂಗಡಿಗೆ ತಿಳಿಯಲೆಂದು, ಪ್ರತಿ ವಿನಂತಿಗೂ ಅದರದೇ ನಂಬರು.

ಮಾತು ಕೋಲ್ಡ್‌ಪ್ಲೇ ಸಂಗೀತ ತಂಡದ ಕಚೇರಿಗೆ ಹೊರಳಿತು. 2024ರ ಸೆಪ್ಟೆಂಬರ್ 22ರಂದು ಮುಂಬೈ ಟಿಕೆಟ್ಟಿಗೆ ಬುಕ್‌ಮೈಶೋದಲ್ಲಿ ಕೋಟಿಗೂ ಮಿಕ್ಕಿ ಜನ ಮುಗಿಬಿದ್ದು ತಾಣವೇ ಕೆಲಹೊತ್ತು ಮಲಗಿತ್ತು. ನವೆಂಬರ್ 16ಕ್ಕೆ ಅಹಮದಾಬಾದಿನ ಪಾಳಿ. ಮೊಟೆರಾದ ಕ್ರೀಡಾಂಗಣದಲ್ಲಿ ಕ್ರಿಕೆಟ್ಟಿಗೆ 1.32 ಲಕ್ಷ ಜನ ಕೂರುತ್ತಾರೆ. ಆದರೂ ಫೋನಿನಲ್ಲಿ ನಿಮ್ಮ ಮುಂದೆ ಲಕ್ಷಗಟ್ಟಲೆ ಜನ ಎಂದೇ ಬರುತ್ತಿತ್ತು. 2025ರ ಜನವರಿ 25ರ ಜೊತೆಗೆ 26ಕ್ಕೂ ಇನ್ನೊಂದು ಕಚೇರಿ ಸೇರಿಸಬೇಕಾಯಿತು. ನಂಬರು ಎಷ್ಟೇ ದೊಡ್ಡದಿರಲಿ, ಹೇಳಿಬಿಡುವ ತಾಣವೇ ನನಗೆ ವಾಸಿ. ಸುಮ್ಮನೆ ಚಕ್ರ ತಿರುಗಿಸುವವರನ್ನು ಕಂಡರಾಗದು; ಜನ ರಿಫ್ರೆಶ್ ಒತ್ತದೆ ಇನ್ನೇನು ಮಾಡಿಯಾರು?

"ತತ್ಕಾಲದಾಗೂ ಇದs ಕಥಿ," ಎಂದ. 2025ರ ಜುಲೈಯಿಂದ ಆನ್‌ಲೈನ್ ತತ್ಕಾಲ ರೈಲು ಟಿಕೆಟ್ಟಿಗೆ ಆಧಾರ್ ಬೇಕು, ಮೊದಲ ಅರ್ಧ ಗಂಟೆ ಏಜೆಂಟರಿಗೆ ಬಾಗಿಲಿಲ್ಲ. ಹುಬ್ಬಳ್ಳಿ ಮೇಲೆ ಹೋಗುವ ಜೋಧಪುರ–ಬೆಂಗಳೂರು ಗಾಡಿ ನಂಬಿದ ನಮ್ಮಂಥವರಿಗೆ ಇದು ಒಳ್ಳೆಯದೇ. ಎಲ್ಲರನ್ನೂ ಸಮನಾಗಿ ತಡೆಯುವುದಕ್ಕಿಂತ ಯಾರನ್ನು ತಡೆಯಬೇಕೆಂದು ನೋಡುವುದು ಮೇಲು.

ಜಗಳ ಬಂದದ್ದು ಲಾಟರಿಗೆ. ಎಷ್ಟೋ ಟಿಕೆಟ್ ತಾಣಗಳ ಕಾಯುವ ಕೋಣೆಗಳಲ್ಲಿ ಬಾಗಿಲು ತೆರೆದಾಗ ಒಳಗಿದ್ದವರಿಗೆಲ್ಲ ಚೀಟಿ ಎತ್ತಿದಂತೆ ನಂಬರು ಕೊಡುತ್ತಾರೆ. ತಾಸು ಮೊದಲು ಬಂದವನೂ ಒಂದೇ, ಕೊನೇ ನಿಮಿಷದವನೂ ಒಂದೇ. ಅನ್ಯಾಯವೆಂದೆ. "ಬೆರಳ ಚುರುಕಿದ್ದಾಂವಗ, ನೆಟ್ ಜೋರಿದ್ದಾಂವಗ ಮೊದಲ ಕೊಡೋದು ಯಾವ ನ್ಯಾಯರಿ?" ಎಂದ. ಹಾಗಾದರೆ ನಿನ್ನ ಸೀರೆಗಳನ್ನೂ ಚೀಟಿ ಎತ್ತಿಯೇ ಕಳಿಸು ಎಂದೆ. ಸೇಠ್ ದೀಪಾವಳಿ ಮಾಲು ಮೊದಲು ಹೋಗಲಿ ಅಂದಾರ್ರೀ, ಎಂದು ಕಪ್ಪು ಎತ್ತಿಕೊಂಡು ಒಳಗೆ ಹೋದ.