ಮನೆ ಸರ್ವರ್‌ಗೆ ಪ್ರೊಸೆಸರ್ ಆರಿಸುವ ವಿಧಾನ: ಬಳಕೆದಾರರ ಕೈಪಿಡಿ

ಬೇಕಾಗುವ ಸಾಮಗ್ರಿ: ಹಾರ್ಡ್‌ ಡಿಸ್ಕ್ ತುಂಬ ಸಿನಿಮಾ, ಒಂದು ಟಿವಿ, ಮತ್ತು "ಪೆನ್‌ಡ್ರೈವ್ ಚುಚ್ಚಿದ್ರೆ ಆಗಲ್ವೇನ್ರೀ?" ಎಂದು ಕೇಳುವ ಮನೆಯವರು. ಪ್ರಶ್ನೆ ನ್ಯಾಯವಾಗಿಯೇ ಇದೆ. ಉತ್ತರಿಸಲು ಹೋಗಬೇಡಿ.

ಹಂತ 1. ಇಪ್ಪತ್ತನಾಲ್ಕು ಕೋರ್‌ಗಳ ಪ್ರೊಸೆಸರ್ ನೋಡಿ ಬೆರಗಾಗಿ. ಬೆಲೆ ನೋಡಿ ಇನ್ನೊಮ್ಮೆ ಬೆರಗಾಗಿ. ಮುಂದಕ್ಕೆ ಹೋಗಿ.

ಹಂತ 2. ಟಿವಿಯನ್ನು ವಿಚಾರಿಸಿ. ಪ್ರೊಸೆಸರ್ ಕೊಳ್ಳಲು ಹೊರಟವರು ಮರೆಯುವುದು ಇದನ್ನೇ. ಫೈಲ್ ಎಚ್‌.264 ಇರಲಿ, ಎಚ್‌ಇವಿಸಿ ಇರಲಿ, ಟಿವಿಗೆ ಅದು ಗೊತ್ತಿದ್ದರೆ ಸರ್ವರ್‌ನ ತಂತ್ರಾಂಶ ಜೆಲ್ಲಿಫಿನ್ ಆಗಲಿ ಪ್ಲೆಕ್ಸ್ ಆಗಲಿ ಹಾಗೆಹಾಗೇ ದಾಟಿಸಿಬಿಡುತ್ತದೆ. ಈ ಡೈರೆಕ್ಟ್ ಪ್ಲೇಗೆ ಹತ್ತು ವರ್ಷ ಹಳೆಯ ಪ್ರೊಸೆಸರೂ ಸಾಕು. ಗೊತ್ತಿಲ್ಲದಿದ್ದರೆ ಟ್ರಾನ್ಸ್‌ಕೋಡಿಂಗ್: ಹಲ್ಲಿಲ್ಲದ ಅಜ್ಜನಿಗೆ ಚಕ್ಕುಲಿ ಕುಟ್ಟಿ ಕೊಟ್ಟ ಹಾಗೆ ಪ್ರತಿ ಫ್ರೇಮನ್ನೂ ಬಿಚ್ಚಿ, ಹೊಸದಾಗಿ ಕಟ್ಟಿ ಕೊಡಬೇಕು, ಅದೂ ಸಿನಿಮಾ ಓಡುತ್ತಿರುವಾಗಲೇ. ಬ್ಲೂರೇಯ ಸಬ್‌ಟೈಟಲ್‌ಗಳು ಅಕ್ಷರಗಳಲ್ಲ, ಚಿತ್ರಗಳು. ಟಿವಿ ಅವನ್ನು ಒಪ್ಪದಿದ್ದರೆ ಒಂದು ಸಾಲು ಸಬ್‌ಟೈಟಲ್‌ಗಾಗಿ ಇಡೀ ಸಿನಿಮಾವನ್ನೇ ಕುಟ್ಟಬೇಕಾಗುತ್ತದೆ. ಅಕ್ಷರಗಳಲ್ಲೇ ಇರುವ ಎಸ್‌ಆರ್‌ಟಿ ಸಬ್‌ಟೈಟಲ್ ಫೈಲ್ ಹುಡುಕಿಟ್ಟುಕೊಂಡರೆ ಎಷ್ಟೋ ಸಲ ಪ್ರೊಸೆಸರಿನ ಖರ್ಚೇ ಉಳಿಯುತ್ತದೆ.

ಹಂತ 3. ಕುಟ್ಟುವ ಕೆಲಸಕ್ಕೆ ಕೋರ್‌ಗಳನ್ನು ಎಣಿಸಬೇಡಿ, ಚಿಪ್ಪಿನೊಳಗಿನ ಗ್ರಾಫಿಕ್ಸ್ ನೋಡಿ. ಅದರಲ್ಲಿ ಕುಟ್ಟುವುದಕ್ಕೆಂದೇ ಇರುವ ಇಂಟೆಲ್‌ನ ಕ್ವಿಕ್ ಸಿಂಕ್ ಬಂದದ್ದು 2011ರಲ್ಲಿ; 10 ಬಿಟ್ ಎಚ್‌ಇವಿಸಿ ಬೇಕೆಂದರೆ 7ನೇ ತಲೆಮಾರಿನಿಂದ ಈಚೆಗಿನದು ಇರಲಿ. ಇನ್ನು ಬೆಂಗಳೂರಿನ ಎಸ್‌.ಪಿ. ರೋಡಿಗೆ ಹೊರಡಿ. ಐ5-12400 ಕೇಳಿದರೆ 12400ಎಫ್ ತೋರಿಸಿ "ಸೇಮ್ ಚಿಪ್ ಸಾರ್, ರೇಟ್ ಕಮ್ಮಿ" ಎಂದಾರು. ಆ 'ಎಫ್' ಇದ್ದರೆ ಗ್ರಾಫಿಕ್ಸ್ ಇಲ್ಲ. ಕಮ್ಮಿಯಾಗಿರುವುದು ನಿಮಗೆ ಬೇಕಾಗಿದ್ದ ಭಾಗವೇ. ನಮಸ್ಕಾರ ಹೇಳಿ ಪಕ್ಕದ ಅಂಗಡಿಗೆ ನಡೆಯಿರಿ.

ನನ್ನನ್ನು ಕೇಳಿದರೆ, 2023ರಲ್ಲಿ ಬಂದ ಇಂಟೆಲ್‌ನ ಎನ್‌100 ಸಾಕು. ನಾಲ್ಕೇ ಕೋರ್, 6 ವ್ಯಾಟ್, ಹೆಸರಿನಲ್ಲಿ ಗತ್ತೂ ಇಲ್ಲ. ಒಂದೆರಡು ಟಿವಿಗೆ 4ಕೆ ಕುಟ್ಟಿ ಕೊಡುತ್ತದೆ. ಎವಿ1 ಫೈಲ್ ಬಿಚ್ಚಬಲ್ಲದು, ಕಟ್ಟಲಾರದು. ಮನೆಮಟ್ಟಿಗೆ ಅದೇನೂ ಕೊರತೆಯಲ್ಲ. ಆದರೆ ಪ್ಲೆಕ್ಸ್‌ನಲ್ಲಿ ಈ ಗ್ರಾಫಿಕ್ಸ್ ಕೆಲಸಕ್ಕೆ ಹಣ ಕಟ್ಟಬೇಕು, ಜೆಲ್ಲಿಫಿನ್‌ನಲ್ಲಿ ಪುಕ್ಕಟೆ.

ಎಚ್ಚರಿಕೆ: "ಮೂಲೆಯಲ್ಲಿ ಹಳೇ ಗೇಮಿಂಗ್ ಪಿಸಿ ಬಿದ್ದಿದೆಯಲ್ಲ" ಎಂಬ ಯೋಚನೆ ಬರುತ್ತದೆ. ಸುಮ್ಮನಿದ್ದಾಗಲೇ ಅದು 60 ವ್ಯಾಟ್ ಎಳೆದರೆ ತಿಂಗಳಿಗೆ 43 ಯೂನಿಟ್. ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆಯ 200 ಯೂನಿಟ್ ಅಂಚಿನಲ್ಲಿರುವ ಮನೆಯಾದರೆ ಅಷ್ಟೇ ಸಾಕು, ಪೂರ್ತಿ ಬಿಲ್ ಕೈಗೆ ಬರುತ್ತದೆ. ಆಗ ಮನೆಯವರ ಪೆನ್‌ಡ್ರೈವ್ ವಾದಕ್ಕೆ ಲಿಖಿತ ಪುರಾವೆಯೂ ಸಿಕ್ಕಂತಾಯಿತು.

ದೋಷ ನಿವಾರಣೆ: ಇಷ್ಟಾದರೂ ಚಿತ್ರ ತಡವರಿಸಿದರೆ ಪ್ರೊಸೆಸರನ್ನು ಬೈಯಬೇಡಿ. ವೈಫೈ ಬಿಟ್ಟು ಟಿವಿಗೆ ಲ್ಯಾನ್ ಕೇಬಲ್ ಹಾಕಿ. ಎಷ್ಟೋ ಟಿವಿಗಳ ಲ್ಯಾನ್ ಪೋರ್ಟ್ 100 ಎಂಬಿಪಿಎಸ್‌ಗೇ ನಿಲ್ಲುತ್ತದೆ, 4ಕೆ ಬ್ಲೂರೇ ಪ್ರತಿ ಒಮ್ಮೊಮ್ಮೆ ಅದನ್ನೂ ಮೀರುತ್ತದೆ. ಹಾಗಾದಲ್ಲಿ ಕೇಬಲ್ ಕಿತ್ತು ಮತ್ತೆ ವೈಫೈ ಹಾಕಿ.