ಕಿವಿಯಲ್ಲಿ ಮ್ಯಾಡ್ರಿಡ್, ಮುಂದೆ ನಾಯಂಡಹಳ್ಳಿ

ಬೆಳಿಗ್ಗೆ ಕೆಂಗೇರಿಯಲ್ಲಿ ವೈಟ್‌ಫೀಲ್ಡ್ ಕಡೆಯ ಮೆಟ್ರೊ ಹತ್ತುವವರಿಗೆ ಸೀಟು ಸಿಗುತ್ತದೆ. ಪಶ್ಚಿಮ ಬೆಂಗಳೂರಿನವರ ಪಾಲಿಗೆ ಬಂದ ಕೆಲವೇ ಭಾಗ್ಯಗಳಲ್ಲಿ ಇದೂ ಒಂದು. ಅತ್ತಿಗುಪ್ಪೆ, ವಿಜಯನಗರ ಬರುವ ಹೊತ್ತಿಗೆ ನಿಲ್ಲಲೂ ಜಾಗವಿರುವುದಿಲ್ಲ. ಸೀಟು ಹಿಡಿದವರು ಸಾಮಾನ್ಯವಾಗಿ ನಿದ್ದೆ ಮಾಡುತ್ತಾರೆ, ರೀಲ್ಸ್ ನೋಡುತ್ತಾರೆ, ಇಲ್ಲವೇ ವಿಷ್ಣುಸಹಸ್ರನಾಮ ಕೇಳುತ್ತಾರೆ. 2023ರ ಅಕ್ಟೋಬರ್‌ನಲ್ಲಿ ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗಿನ 37 ನಿಲ್ದಾಣಗಳ ನೇರಳೆ ಮಾರ್ಗ ಪೂರ್ತಿಯಾಯಿತು. ಆಮೇಲೆ ಒಂದು ಹೊಸ ಜಾತಿಯ ಪ್ರಯಾಣಿಕರು ಕಾಣಿಸಿಕೊಂಡಿದ್ದಾರೆ: ಕಿವಿಗೆ ಇಯರ್‌ಬಡ್ ಸಿಕ್ಕಿಸಿಕೊಂಡು, ಕಣ್ಣು ಅರ್ಧ ಮುಚ್ಚಿ, ತುಟಿ ಮಾತ್ರ ಅಲ್ಲಾಡಿಸುವವರು. ನೋಡಿದವರು ಜಪ ಎಂದುಕೊಳ್ಳುತ್ತಾರೆ. ಅವರಲ್ಲಿ ಕೆಲವರು ಕಲಿಯುತ್ತಿರುವುದು ಸ್ಪ್ಯಾನಿಷ್.

ಕೆಂಗೇರಿಯ ಹುಡುಗನೊಬ್ಬ ಅಂಥವರಲ್ಲಿದ್ದಾನೆ. ಅವನಿಗೆ ಸ್ಪೇನಿನ ಮೇಲೆ ಪ್ರೀತಿ ಉಕ್ಕಿ ಬಂದದ್ದೇನೂ ಅಲ್ಲ. ವೈಟ್‌ಫೀಲ್ಡ್ ಕಡೆಯ ಕಚೇರಿಗಳಲ್ಲಿ ಮೆಕ್ಸಿಕೊ, ಕೊಲಂಬಿಯಾದ ಗಿರಾಕಿಗಳ ಬಿಲ್ಲು, ದೂರು, ತಕರಾರು ನೋಡಿಕೊಳ್ಳುವ ವಿಭಾಗಗಳಿವೆ, ಭಾಷೆ ಬಲ್ಲವರಿಗೆ ಸಂಬಳದಲ್ಲಿ ಒಂದಿಷ್ಟು ಹೆಚ್ಚು. ಸಂಜೆ ತರಗತಿಗೆ ಹೋಗೋಣವೆಂದರೆ ಸಂಜೆಯೆಲ್ಲ ದಾರಿಯಲ್ಲೇ ಕಳೆಯುತ್ತದೆ. ಹೋಗುವಾಗ ಹೆಚ್ಚುಕಡಿಮೆ ಒಂದೂವರೆ ಗಂಟೆ, ಬರುವಾಗ ಅಷ್ಟೇ. ಸೀಟು ಸಿಗದ ಹೊತ್ತಿನಲ್ಲಿ ಕೈಗೆ ಕಂಬಿ, ಕಣ್ಣಿಗೆ ಮುಂದಿನವರ ಬ್ಯಾಗು. ಪುರುಸೊತ್ತಾಗಿರುವುದು ಕಿವಿ ಮಾತ್ರ.

ಕಿವಿಗೆ ಸಿಕ್ಕ ಮೊದಲ ಮೇಷ್ಟ್ರು ಸ್ಕಾಟ್ಲೆಂಡಿನವರು. ಮಾರ್ಕ್ ಪೆಂಟಲ್‌ಟನ್ 2006ರಲ್ಲಿ ಶುರುಮಾಡಿದ ‘ಕಾಫಿ ಬ್ರೇಕ್ ಸ್ಪ್ಯಾನಿಷ್’ ಈ ಬಗೆಯ ಪಾಡ್‌ಕಾಸ್ಟ್‌ಗಳಲ್ಲಿ ಹಳಬ. ಅವರೊಂದಿಗೆ ಕಾರಾ ಎಂಬ ವಿದ್ಯಾರ್ಥಿನಿ ಇರುತ್ತಾರೆ, ನಾವು ಆಕೆಯ ಜೊತೆ ಕಲಿಯಬೇಕು. ಒಂದು ಕಾಫಿ ಕುಡಿದು ಮುಗಿಸುವುದರೊಳಗೆ ಒಂದು ಪಾಠ ಎಂಬುದು ಅವರ ಲೆಕ್ಕ, ಪಾಠ ಹದಿನೈದಿಪ್ಪತ್ತು ನಿಮಿಷದ್ದು. ಸ್ಕಾಟ್ಲೆಂಡಿನಲ್ಲಿ ಕಾಫಿಯನ್ನು ಅಷ್ಟು ಹೊತ್ತು ಕುಡಿಯುತ್ತಾರೇನೋ. ರಾಜಾಜಿನಗರದ ದರ್ಶಿನಿಯಲ್ಲಿ ನಿಂತುಕೊಂಡು ಬೈಟು ಕುಡಿಯುವವನಿಗೆ ಮೇಷ್ಟರ ಸ್ವಾಗತ ಭಾಷಣ ಮುಗಿಯುವ ಮೊದಲೇ ಲೋಟ ಖಾಲಿ.

ಎರಡನೆಯವರು ಪಾಲ್ ಪಿಮ್ಸ್ಲರ್. ಭಾಷಾಶಾಸ್ತ್ರದ ಈ ಅಮೆರಿಕನ್ ಪ್ರಾಧ್ಯಾಪಕ ತೀರಿಕೊಂಡದ್ದು 1976ರಲ್ಲಿ, ಅರ್ಧ ಗಂಟೆಯ ಪಾಠಗಳು ಮಾತ್ರ ಅವರ ಹೆಸರಿನಲ್ಲಿ ಇಂದಿಗೂ ಮಾರಾಟವಾಗುತ್ತಿವೆ. ಹೊಸ ಪದವನ್ನು ಯಾವಾಗ ಮತ್ತೆ ಕೇಳಿಸಬೇಕೆಂದು 1967ರಲ್ಲಿ ಅವರೊಂದು ವೇಳಾಪಟ್ಟಿ ಪ್ರಕಟಿಸಿದರು: ಐದು ಸೆಕೆಂಡಿಗೆ, ಇಪ್ಪತ್ತೈದು ಸೆಕೆಂಡಿಗೆ, ಎರಡು ನಿಮಿಷಕ್ಕೆ, ಹತ್ತು ನಿಮಿಷಕ್ಕೆ, ಗಂಟೆಗೆ, ಐದು ಗಂಟೆಗೆ, ಹಾಗೆಯೇ ಬೆಳೆಯುತ್ತ ಎರಡು ವರ್ಷದವರೆಗೆ. ಮರೆತೇಹೋಯಿತು ಅನ್ನುವಷ್ಟರಲ್ಲಿ ನೆನಪಿಸಿಬಿಟ್ಟರೆ ಪದ ಬೇರು ಬಿಡುತ್ತದಂತೆ. ಇದರಲ್ಲಿ ಒಂದೇ ತೊಂದರೆ. ಪಿಮ್ಸ್ಲರ್ ಪಾಠದಲ್ಲಿ ಸುಮ್ಮನೆ ಕೇಳುವಂತಿಲ್ಲ. ಅವರು ಬಿಡುವು ಕೊಟ್ಟಾಗ ಬಾಯಿಬಿಟ್ಟು ಉತ್ತರ ಹೇಳಬೇಕು. ಅದರಲ್ಲೂ ಆರಂಭದ ಪಾಠವೇ, ಪರಿಚಯವಿಲ್ಲದ ಹೆಂಗಸೊಬ್ಬಳನ್ನು ನಿಲ್ಲಿಸಿ ನಿನಗೆ ಈ ಭಾಷೆ ತಿಳಿಯುತ್ತದೆಯೇ ಎಂದು ವಿಚಾರಿಸುವುದು. ಮೆಜೆಸ್ಟಿಕ್ ದಾಟುವ ಮೆಟ್ರೊದಲ್ಲಿ ಇದನ್ನು ಜೋರಾಗಿ ಅಭ್ಯಾಸ ಮಾಡಲು ಭಾಷಾಪ್ರೇಮ ಮಾತ್ರ ಸಾಲದು. ಪುಣ್ಯಕ್ಕೆ ಇಡೀ ಬೆಂಗಳೂರೇ ಈಗ ಗಾಳಿಯ ಜೊತೆ ಮಾತಾಡಿಕೊಂಡು ಓಡಾಡುವುದರಿಂದ ಹುಡುಗನನ್ನು ಯಾರೂ ಗಮನಿಸಲಿಲ್ಲ. ಪಕ್ಕದ ಸೀಟಿನ ಹಿರಿಯರು ಮಾತ್ರ ಒಮ್ಮೆ, “ನಂಗೇನಾದ್ರೂ ಹೇಳಿದ್ರಾ?” ಎಂದು ಕೇಳಿದರು.

ಪಿಮ್ಸ್ಲರ್ ಹೇಳಿದ ಎರಡು ನಿಮಿಷದ ಸೂತ್ರವನ್ನು ಈ ಊರಿನಲ್ಲಿ ಅಚ್ಚುಕಟ್ಟಾಗಿ ನಡೆಸುತ್ತಿರುವುದು ನಮ್ಮ ಮೆಟ್ರೊ. ಮುಂದಿನ ನಿಲ್ದಾಣ ಯಾವುದು, ಬಾಗಿಲು ಯಾವ ಕಡೆ ತೆರೆಯುತ್ತದೆ ಎಂಬ ಅದೇ ವಾಕ್ಯ ಎರಡೆರಡು ನಿಮಿಷಕ್ಕೊಮ್ಮೆ ಬರುತ್ತದೆ, ಅರ್ಥ ಕಣ್ಣೆದುರೇ ನಡೆಯುತ್ತದೆ. ಆ ಕನ್ನಡ ಪ್ರಕಟಣೆಗಳಿಗೆ ದನಿಯಾದವರು ಅಪರ್ಣಾ. 2024ರ ಜುಲೈನಲ್ಲಿ ಅವರು ತೀರಿಕೊಂಡ ಮೇಲೂ ಊರು ಆ ದನಿಯನ್ನು ಕೇಳುತ್ತಲೇ ಬಂದಿದೆ. ಪಾಟ್ನಾದಿಂದಲೋ ಪುಣೆಯಿಂದಲೋ ಬಂದವರು ಎಡ-ಬಲ ಕಲಿತದ್ದು, ‘ನಿಲ್ದಾಣ’ ಎಂಬ ಪದವನ್ನು ನಮಗಿಂತ ಸ್ಪಷ್ಟವಾಗಿ ಉಚ್ಚರಿಸಲು ಕಲಿತದ್ದು ಹೀಗೇ. ಶುಲ್ಕವಿಲ್ಲ, ಪರೀಕ್ಷೆಯಿಲ್ಲ. ತಪ್ಪು ಕೇಳಿಸಿಕೊಂಡರೆ ಶಿಕ್ಷೆ ಮಾತ್ರ ತಕ್ಷಣ: ವಿಜಯನಗರದಲ್ಲಿ ಇಳಿಯಬೇಕಾದವರು ಹೊಸಹಳ್ಳಿಯಲ್ಲಿ.

ಹಾಗೆ ನೋಡಿದರೆ ಕಿವಿಯಿಂದ ಭಾಷೆ ಹಿಡಿಯುವುದು ಈ ಕಡೆಯವರಿಗೆ ಹೊಸದೇನಲ್ಲ. ಹುಡುಗನ ಅಜ್ಜಿ ಇರುವುದು ಬಸವೇಶ್ವರನಗರದಲ್ಲಿ, ಹುಟ್ಟಿ ಬೆಳೆದದ್ದು ರಾಜಾಜಿನಗರದ ಅಂಚಿನಲ್ಲಿ. ಪಕ್ಕದ ಶ್ರೀರಾಮಪುರದ ಮಾರುಕಟ್ಟೆಯಿಂದ ಅವರಿಗೆ ತಮಿಳು ಬಂತು. ಎನ್‌ಟಿಆರ್, ನಾಗೇಶ್ವರರಾಯರ ಸಿನಿಮಾಗಳಿಂದ ತೆಲುಗು ಬಂತು. ಯಾರೂ ಕಲಿಸಲಿಲ್ಲ, ಯಾರೂ ತಿದ್ದಲಿಲ್ಲ, ಬದನೆಕಾಯಿ ತೂಕದಲ್ಲಿ ಮೋಸವಾದಾಗ ಮಾತು ತಾನಾಗಿ ಬಂತು. ‘ಡ್ರೀಮಿಂಗ್ ಸ್ಪ್ಯಾನಿಷ್’ ನಡೆಸುವ ಪಾಬ್ಲೊ ರೊಮಾನ್ ಹೇಳುವುದೂ ಹೆಚ್ಚುಕಡಿಮೆ ಇದನ್ನೇ. ವ್ಯಾಕರಣ ಬಿಡಿ, ಅರ್ಥವಾಗುವಂಥದ್ದನ್ನು ಸಾವಿರದೈನೂರು ಗಂಟೆ ಕೇಳಿ ಎನ್ನುತ್ತಾರೆ ಅವರು. ಕೆಂಗೇರಿಯಿಂದ ವೈಟ್‌ಫೀಲ್ಡಿಗೆ ದಿನವೂ ಹೋಗಿಬರುವವನಿಗೆ ಇದು ಎರಡು ವರ್ಷದ ಕೆಲಸ. ಊರ ಆ ತುದಿಯಲ್ಲಿ ಕಚೇರಿ ಕಟ್ಟಿದವರ ದೂರದೃಷ್ಟಿ ಈಗ ಅರ್ಥವಾಗುತ್ತದೆ.

ಮೂರನೆಯವರು ಮಿಶೆಲ್ ಥಾಮಸ್. ಪೋಲೆಂಡಿನಲ್ಲಿ ಹುಟ್ಟಿ, ಯುದ್ಧಕಾಲದಲ್ಲಿ ಫ್ರಾನ್ಸಿನಲ್ಲಿ ನಾಜಿಗಳ ವಿರುದ್ಧ ದುಡಿದು, ಆಮೇಲೆ ಅಮೆರಿಕದಲ್ಲಿ ಭಾಷಾಶಾಲೆ ತೆರೆದವರು. ಬಾಯಿಪಾಠ ಮಾಡಬೇಡಿ, ಬರೆದುಕೊಳ್ಳಬೇಡಿ, ಹೋಂವರ್ಕ್ ಇಲ್ಲ, ನೀವು ಕಲಿಯದಿದ್ದರೆ ಅದು ಮೇಷ್ಟರ ತಪ್ಪು ಎಂದು ಅವರು ಮೊದಲೇ ಘೋಷಿಸಿಬಿಡುತ್ತಾರೆ. ರಾಜಾಜಿನಗರದ ಯಾವ ತಂದೆಯೂ ಇಂಥ ಶಾಲೆಗೆ ಮಗನನ್ನು ಸೇರಿಸುವುದಿಲ್ಲ. ರೆಕಾರ್ಡಿಂಗಿನಲ್ಲಿ ಅವರ ಮುಂದೆ ಇಬ್ಬರು ವಿದ್ಯಾರ್ಥಿಗಳು ಕೂತಿರುತ್ತಾರೆ, ಕೇಳುವವನು ಮೂರನೆಯವನು. ಆ ಇಬ್ಬರು ತಪ್ಪು ಮಾಡುತ್ತಲೇ ಇರುತ್ತಾರೆ. ಭಾಷೆ ಬರುವುದು ಆಮೇಲಿನ ಮಾತು, ಕಂಡಿಲ್ಲದ ಇಬ್ಬರ ಮೇಲೆ ಸಿಟ್ಟಂತೂ ಮೊದಲ ದಿನದಿಂದಲೇ ಬರುತ್ತದೆ.

ಈ ಮೂವರ ಪಾಠ ಕೇಳುತ್ತ ಕೇಳುತ್ತ ಹುಡುಗನಿಗೆ ಒಂದು ಅನುಮಾನ ಹುಟ್ಟಿತು. ಮೇಷ್ಟರುಗಳು ಬೆವರು ಸುರಿಸಿ ವಿವರಿಸುವುದೆಲ್ಲ ಅವನಿಗೆ ಮೊದಲೇ ಗೊತ್ತು. ‘ಮೇ ಗುಸ್ತಾ ಎಲ್ ಕಫೇ’ ಎಂಬ ವಾಕ್ಯಕ್ಕೆ ದೊಡ್ಡ ಪೀಠಿಕೆ. ಇಲ್ಲಿ ನೀವು ಕಾಫಿಯನ್ನು ಮೆಚ್ಚುವುದಿಲ್ಲ, ಕಾಫಿಯೇ ನಿಮಗೆ ಹಿತವಾಗುತ್ತದೆ, ಗಾಬರಿಯಾಗಬೇಡಿ ಎಂಬ ಸಾಂತ್ವನ. ‘ನನಗೆ ಕಾಫಿ ಇಷ್ಟ’ ಎಂದು ಹುಟ್ಟಿನಿಂದ ಹೇಳಿಕೊಂಡು ಬಂದವನಿಗೆ ಇದರಲ್ಲಿ ಗಾಬರಿಯಾಗುವಂಥದ್ದು ಏನಿದೆ? ‘ನಾನು’ ಬಿಟ್ಟು ಬರೀ ಕ್ರಿಯಾಪದ ಹೇಳಿದರೂ ಯಾರೆಂದು ತಿಳಿಯುತ್ತದೆ ಎಂಬುದು ಇನ್ನೊಂದು ಅಚ್ಚರಿ. ಹತ್ತಿರದವರಿಗೆ ಒಂದು ಸರ್ವನಾಮ, ಗೌರವಕ್ಕೆ ಇನ್ನೊಂದು ಎಂಬುದಕ್ಕೆ ಇಡೀ ಒಂದು ಪಾಠ. ಜನರನ್ನು ಕಂಡರೆ ಕರ್ಮಪದಕ್ಕೆ ಮೊದಲು ‘ಆ’ ಎಂಬ ತುಣುಕು ಬರಬೇಕು, ಮನೆಯನ್ನೋ ಬೆಟ್ಟವನ್ನೋ ಕಂಡರೆ ಬೇಡ ಎಂಬ ನಿಯಮ ಇಂಗ್ಲಿಷರಿಗೆ ಕಬ್ಬಿಣದ ಕಡಲೆ. ‘ಮನೆ ನೋಡಿದೆ’ ಎಂದು ಹೇಳಿ, ‘ಅಜ್ಜಿ ನೋಡಿದೆ’ ಎನ್ನಲು ಹೋಗಿ ತಡವರಿಸಿ, ‘ಅಜ್ಜಿಯನ್ನು’ ಎಂದು ಸರಿಮಾಡಿಕೊಳ್ಳುವ ಕನ್ನಡಿಗನ ನಾಲಿಗೆಗೆ ಆ ನಿಯಮದ ವಾಸನೆ ಮೊದಲೇ ಇದೆ. ಒತ್ತಿ ನಡುಗಿಸುವ ‘ರ್ರ’ಗಾಗಿ ಲಂಡನ್ನಿನವರು ಕನ್ನಡಿಯ ಮುಂದೆ ತಿಂಗಳುಗಟ್ಟಲೆ ಗಂಟಲು ಹರಿದುಕೊಳ್ಳುತ್ತಾರೆ. ನಮ್ಮಲ್ಲಿ ಆಟೊ ಬರ್ರನೆ ಬರುತ್ತದೆ, ಸರ್ರನೆ ಹೋಗುತ್ತದೆ, ದೋಸೆ ಸೀದು ಕರ್ರಗಾಗುತ್ತದೆ.

ಹೆಸರುವಾಸಿಯಾದ ಈ ಪಾಠಗಳೆಲ್ಲ ತಯಾರಾದದ್ದು ಇಂಗ್ಲಿಷ್ ಕಿವಿಗೆ. ವಿಜಯನಗರದಿಂದ ರಾಜಾಜಿನಗರಕ್ಕೆ ಮೆಟ್ರೊದಲ್ಲಿ ಹೋಗುವವರು ಮೆಜೆಸ್ಟಿಕ್ಕಿಗೆ ಹೋಗಿ, ಮೆಟ್ಟಿಲು ಹತ್ತಿಳಿದು, ಹಸಿರು ಮಾರ್ಗ ಹಿಡಿದು ವಾಪಸು ಬರಬೇಕಲ್ಲ, ಹುಡುಗನ ಸ್ಪ್ಯಾನಿಷ್ಷೂ ಹಾಗೇ ಇಂಗ್ಲಿಷಿನ ಮೂಲಕ ಸುತ್ತಿ ಬರುತ್ತಿತ್ತು. ಅಮೆರಿಕದ ವಿದೇಶಾಂಗ ತರಬೇತಿ ಸಂಸ್ಥೆ ತನ್ನ ಅಧಿಕಾರಿಗಳಿಗೆ ಸ್ಪ್ಯಾನಿಷ್ ಕಲಿಯಲು 600ರಿಂದ 750 ಗಂಟೆ ಸಾಕು, ತಮಿಳು-ತೆಲುಗಿಗೆ 1,100 ಗಂಟೆ ಬೇಕು ಎಂದು ಬಹಳ ಕಾಲ ಹೇಳಿಕೊಂಡು ಬಂದಿತ್ತು. ಆ ಲೆಕ್ಕ ಅಮೆರಿಕನ್ನರದು. ಕೆಂಗೇರಿಯವನ ಲೆಕ್ಕವನ್ನು ಯಾರೂ ಹಾಕಿದಂತಿಲ್ಲ.

ಹಾಗೆಂದು ಸ್ಪ್ಯಾನಿಷ್ ಕನ್ನಡದ ತಂಗಿಯೇನೂ ಅಲ್ಲ. ಲಿಂಗದ ವಿಷಯಕ್ಕೆ ಬಂದರೆ ಇಂಗ್ಲಿಷರೂ ನಾವೂ ಒಂದೇ ದೋಣಿಯವರು. ಭಾನುವಾರ ಬಸವೇಶ್ವರನಗರದಲ್ಲಿ ಇದರ ಬಗ್ಗೆ ದೀರ್ಘ ಚರ್ಚೆ ನಡೆಯಿತು.

“ಅಜ್ಜಿ, ಅವರಲ್ಲಿ ಮೇಜು ಹೆಣ್ಣಂತೆ.”

“ಯಾರೋ ಹೇಳಿದ್ದು? ಕುರ್ಚಿ?”

“ಅದೂ ಹೆಣ್ಣೇ.”

“ಮತ್ತೆ ಗಂಡು ಯಾವುದೋ ಮನೇಲಿ?”

“ಸೋಫಾ.”

“ಸರಿಯಾಗೇ ಇದೆ ಬಿಡು. ಬಿದ್ಕೊಂಡಿರೋದು ಬಿಟ್ಟು ಬೇರೆ ಕೆಲಸ ಇಲ್ಲ ಅದಕ್ಕೆ.”

ಆ ಪದದ ಲಿಂಗ ಹುಡುಗನಿಗೆ ಮತ್ತೆಂದೂ ಮರೆಯಲಿಲ್ಲ. ಪಿಮ್ಸ್ಲರ್ ಎರಡು ವರ್ಷ ಹೊಡೆಯುವ ಮೊಳೆಯನ್ನು ಅಜ್ಜಿ ಒಂದೇ ಏಟಿಗೆ ಹೊಡೆದಿದ್ದರು.

ನಿಜವಾದ ಕಷ್ಟ ವೇಗದ್ದು. ಲಿಯೋನ್‌ನ ಭಾಷಾವಿಜ್ಞಾನಿಗಳು 2011ರಲ್ಲಿ ಏಳು ಭಾಷೆಗಳ ಓದಿನ ವೇಗ ಅಳೆದು ಪ್ರಕಟಿಸಿದರು. ಇಂಗ್ಲಿಷ್ ಸೆಕೆಂಡಿಗೆ 6.19 ಅಕ್ಷರೋಚ್ಚಾರ, ಸ್ಪ್ಯಾನಿಷ್ 7.82. ಅದನ್ನು ಮೀರಿಸಿದ್ದು ಜಪಾನಿ ಮಾತ್ರ, ಅದೂ ಕೂದಲೆಳೆಯಷ್ಟು. ಪಾಠಗಳಲ್ಲಿ ಎಲ್ಲರೂ ಮಗುವಿಗೆ ಅನ್ನ ತಿನ್ನಿಸುವ ನಿಧಾನದಲ್ಲಿ ಮಾತಾಡುತ್ತಾರೆ. ಪೆರುವಿನಲ್ಲಿ ಹುಟ್ಟಿದ ಕಾದಂಬರಿಕಾರ ಡೇನಿಯಲ್ ಅಲಾರ್ಕೊನ್ ನಡೆಸುವ ಪಾಡ್‌ಕಾಸ್ಟ್ ‘ರೇಡಿಯೊ ಆಂಬುಲಾಂತೆ’ಗೆ ಹೊರಳಿದೊಡನೆ ನೆಲ ಕುಸಿಯುತ್ತದೆ. ಅಲ್ಲಿ ಚಿಲಿಯವರು ‘ಸ’ಕಾರ ನುಂಗುತ್ತಾರೆ, ಕ್ಯೂಬಾದವರು ಪದದ ಬಾಲವನ್ನೇ ನುಂಗುತ್ತಾರೆ. ‘ಮಾಸ್ ದೆಸ್ಪಾಸಿಯೊ, ಪೋರ್ ಫಾವೋರ್’ — ಸ್ವಲ್ಪ ನಿಧಾನ, ದಯವಿಟ್ಟು — ಎಂಬುದನ್ನು ಹುಡುಗ ಮೊದಲೇ ಕಲಿತಿದ್ದ. ಇಯರ್‌ಬಡ್‌ಗೆ ಅದನ್ನು ಹೇಳಿ ಪ್ರಯೋಜನವಿರಲಿಲ್ಲ.

ಹೇಳಲು ಮನುಷ್ಯರು ಬೇಕಲ್ಲ. ಅವರು ಸಿಗುವವರೆಗೆ ಸಿನಿಮಾ-ಧಾರಾವಾಹಿಯಿಂದ ಕಲಿಯೋಣವೆಂದು ‘ಮನಿ ಹೈಸ್ಟ್’ ನೋಡಿ, ಅದರ ಪ್ರಸಿದ್ಧ ಹಾಡನ್ನು ಸ್ನಾನದ ಮನೆಯಲ್ಲಿ ವಾರಗಟ್ಟಲೆ ಹಾಡಿದ. ಅದು ಇಟಲಿಯ ಹಾಡು. ಬೆಂಗಳೂರು ಎಫ್‌ಸಿಯ ಪಂದ್ಯಗಳಿಗೆ ಕಂಠೀರವ ಕ್ರೀಡಾಂಗಣಕ್ಕೂ ಹೋದ. 2016ರಲ್ಲಿ ಆಲ್ಬರ್ಟ್ ರೋಕಾ ತರಬೇತುದಾರರಾಗಿ ಬಂದಾಗಿನಿಂದ, ಕಾರ್ಲೆಸ್ ಕ್ವಾದ್ರಾತ್ ಕೈಕೆಳಗೆ 2019ರಲ್ಲಿ ಐಎಸ್‌ಎಲ್ ಗೆದ್ದ ಕಾಲದವರೆಗೂ, ಆಮೇಲೂ, ಆ ತಂಡಕ್ಕೆ ಸ್ಪೇನಿನ ನಂಟು ಗಟ್ಟಿ. ಗ್ಯಾಲರಿಯ ಗದ್ದಲದಲ್ಲಿ ಅವನ ಕಿವಿಗೆ ಬಿದ್ದದ್ದು ‘ವಾಮೋಸ್’ ಒಂದೇ. ಉಳಿದವು ಅಚ್ಚಕನ್ನಡ, ರೆಫ್ರಿಯ ಕುರಿತಾದವು, ಅಚ್ಚಿಗೆ ಯೋಗ್ಯವಲ್ಲದವು.

ಕೊನೆಗೆ ಅವನಿಗೆ ಸ್ಪ್ಯಾನಿಷ್ ಸಿಕ್ಕಿದ್ದು ಅನಂತಪುರದಲ್ಲಿ. ಬಾರ್ಸಿಲೋನಾದಲ್ಲಿ ಹುಟ್ಟಿದ ವಿಸೆಂತೆ ಫೆರರ್ 1952ರಲ್ಲಿ ಮಿಷನರಿಯಾಗಿ ಭಾರತಕ್ಕೆ ಬಂದರು. ಮಹಾರಾಷ್ಟ್ರದ ಮನಮಾಡಿನಲ್ಲಿ ರೈತರ ನಡುವೆ ಕೆಲಸ ಮಾಡಿ, ಅಲ್ಲಿಂದ ಹೊರಹೋಗಬೇಕಾಗಿ ಬಂದು, 1969ರಲ್ಲಿ ಬರಗಾಲದ ಅನಂತಪುರದಲ್ಲಿ ನೆಲೆನಿಂತರು. ಅವರು ಕಟ್ಟಿದ ಗ್ರಾಮೀಣ ಅಭಿವೃದ್ಧಿ ಟ್ರಸ್ಟಿಗೆ ಸ್ಪೇನಿನ ಸಾವಿರಾರು ಕುಟುಂಬಗಳ ದೇಣಿಗೆ ಹರಿದುಬಂದಿದೆ. ದೇಣಿಗೆಯ ಹಿಂದೆ ಪತ್ರಗಳು, ಪತ್ರಗಳ ಹಿಂದೆ ಅತಿಥಿಗಳು. ನಮ್ಮ ವಿಮಾನ ನಿಲ್ದಾಣದಲ್ಲಿ ಇಳಿದು, ಬೆಂಗಳೂರಿನ ಕಡೆ ತಿರುಗಿಯೂ ನೋಡದೆ ಬಡಗಣಕ್ಕೆ ಹೊರಟುಹೋಗುವ ಸ್ಪ್ಯಾನಿಷರು ಇವರೇ. 2010ರಲ್ಲಿ ರಫೇಲ್ ನಡಾಲ್ ಬಂದು ಟೆನಿಸ್ ಶಾಲೆ ತೆರೆದದ್ದೂ ಅಲ್ಲೇ. ಟ್ರಸ್ಟ್ ವಿದೇಶಿ ಭಾಷೆಗಳ ಶಾಲೆಯನ್ನೂ ನಡೆಸುತ್ತದೆ. ಹಳ್ಳಿಯಿಂದ ಬಂದ ಹುಡುಗ ಹುಡುಗಿಯರು ಸ್ಪ್ಯಾನಿಷನ್ನು ಮನುಷ್ಯರ ಬಾಯಿಂದ ಕೇಳಿ, ಮನುಷ್ಯರಿಗೇ ತಿರುಗಿ ಹೇಳಿ ಕಲಿಯುತ್ತಾರೆ.

ಸಹೋದ್ಯೋಗಿಯೊಬ್ಬನ ಜೊತೆ ಹುಡುಗ ಅಲ್ಲಿಗೆ ಹೋದಾಗ, ಅತಿಥಿಗಳಿಗೆ ಊರು ತೋರಿಸುತ್ತಿದ್ದ ಸ್ಥಳೀಯ ತರುಣನೊಬ್ಬ ಸಿಕ್ಕಿದ. ಅವನ ಸ್ಪ್ಯಾನಿಷ್ ಹುಡುಗನಿಗೆ ಕೊನೆಯ ಅಕ್ಷರದವರೆಗೂ ಅರ್ಥವಾಯಿತು. ಸ್ವರ ದುಂಡಗೆ, ‘ತ’ ಹಲ್ಲಿಗೆ ತಾಗಿ, ‘ರ’ ಉರುಳಿ, ಯಾವುದನ್ನೂ ನುಂಗದ ಸ್ಪ್ಯಾನಿಷ್ ಅದು. ಹತ್ತು ನಿಮಿಷ ಇಬ್ಬರೂ ಬೆವರುತ್ತ ಮಾತಾಡಿದರು: ಹವಾಮಾನ, ಕುಟುಂಬ, ಕಾಫಿ ಇಷ್ಟವೇ, ಹೌದು ಇಷ್ಟ. ಯಾವ ಊರು ಎಂದು ಅವನು ಕೇಳಿದ. ಬೆಂಗಳೂರು, ಕೆಂಗೇರಿ ಎಂದ ಹುಡುಗ.

“ಅಯ್ಯೋ, ಮೊದ್ಲೇ ಹೇಳಬಾರ್ದೇನ್ರೀ!” ಎಂದ ತರುಣ. ಅವನದು ರಾಯದುರ್ಗದ ಕಡೆ, ಮನೆಮಾತು ಕನ್ನಡ. ಅತ್ತೆ ಮನೆ ಕೆಂಗೇರಿ ಉಪನಗರದಲ್ಲಿ. ಆಮೇಲೆ ಮಾತು ಉಪನಗರದ ಬಾಡಿಗೆ, ಮೈಸೂರು ರಸ್ತೆಯ ಟ್ರಾಫಿಕ್ಕು, ಮೆಟ್ರೊ ಟಿಕೆಟ್ಟಿನ ದರ ಎಂದು ಬ್ರೇಕಿಲ್ಲದೆ ಓಡಿತು. ಪಕ್ಕದಲ್ಲಿ ನಿಂತಿದ್ದ ಸ್ಪೇನಿನ ಹೆಂಗಸೊಬ್ಬರು ಕೈಯೆತ್ತಿ ಇಬ್ಬರನ್ನೂ ತಡೆದರು. “ಮಾಸ್ ದೆಸ್ಪಾಸಿಯೊ, ಪೋರ್ ಫಾವೋರ್.” ಅವರು ಆ ವಾರವಷ್ಟೇ ತೆಲುಗು ಕಲಿಯಲು ಶುರುಮಾಡಿದ್ದರಂತೆ. ನೋಟ್ ಪುಸ್ತಕದಲ್ಲಿ ಆಗಲೇ ಅರ್ಧ ಪುಟ ಬರೆದುಕೊಂಡಿದ್ದರು.