‘ಇದೊಂದಾದರೆ ಸಾಕು’: ಹಳೆಯ ಕಾರಿನ ಯಜಮಾನರು

ಕರ್ನಾಟಕದ ನಗರಗಳಲ್ಲಿ, ಅದರಲ್ಲೂ ಬ್ಯಾಂಕು, ವಿಮೆ ಮತ್ತು ಸರ್ಕಾರಿ ಕಚೇರಿಗಳ ನೌಕರರು ಮೂವತ್ತು-ನಲವತ್ತರ ಸೈಟು ಹಿಡಿದು ಮನೆ ಕಟ್ಟಿಕೊಂಡಿರುವ ಬಡಾವಣೆಗಳಲ್ಲಿ, ಭಾನುವಾರದ ಬೆಳಿಗ್ಗೆ ಕಾರಿನ ಬಾನೆಟ್ಟಿನೊಳಗೆ ತಲೆಯನ್ನೂ ರಸ್ತೆಯ ಕಡೆಗೆ ದೇಹದ ಉಳಿದ ಭಾಗವನ್ನೂ ಇಟ್ಟುಕೊಂಡು ನಿಂತಿರುವ ಒಂದು ವರ್ಗದ ಗೃಹಸ್ಥರು ಕಾಣಸಿಗುತ್ತಾರೆ. ಹಳೆಯ ಕಾರು ಇರುವವರೆಲ್ಲರೂ ಈ ವರ್ಗಕ್ಕೆ ಸೇರುವುದಿಲ್ಲ. ಕೈಯಲ್ಲಿ ದುಡ್ಡು ಸಾಲದೆ ಸೆಕೆಂಡ್ ಹ್ಯಾಂಡ್ ಗಾಡಿ ಕೊಂಡು, ಅದು ಎರಡನೆಯ ಸಲ ನಡುರಸ್ತೆಯಲ್ಲಿ ನಿಂತ ದಿನವೇ ಮಾರಿ ಕೈತೊಳೆದುಕೊಳ್ಳುವವರು ಬೇರೆ. ಅಜ್ಜನ ಕಾಲದ ಕಾರನ್ನು ಥಳಥಳ ಉಜ್ಜಿಸಿ ವರ್ಷಕ್ಕೊಮ್ಮೆ ಮೆರವಣಿಗೆಗೆ ಕಳಿಸುವ ಸಿರಿವಂತರು ಬೇರೆ. ಇವರಿಬ್ಬರಿಂದಲೂ ಪ್ರಸ್ತುತ ಯಜಮಾನರನ್ನು ಬೇರ್ಪಡಿಸುವ ಲಕ್ಷಣವೆಂದರೆ, ಈಗ ನಡೆಯುತ್ತಿರುವ ರಿಪೇರಿಯೇ ಕಟ್ಟಕಡೆಯದು ಎಂಬ ಅಚಲವಾದ ನಂಬಿಕೆ. ‘ಇದೊಂದಾದರೆ ಸಾಕು, ಇನ್ನು ಐದು ವರ್ಷ ಬಾನೆಟ್ ಎತ್ತೋ ಹಾಗಿಲ್ಲ’ ಎಂಬುದು ಅವರ ಸಿದ್ಧಾಂತವಾಗಿದ್ದು, ಅದನ್ನು ಅವರು ಸರಿಸುಮಾರು ತಿಂಗಳಿಗೊಮ್ಮೆ ಮಂಡಿಸುತ್ತಾರೆ.

ಈ ವರ್ಗ ಇಷ್ಟು ವಿಪುಲವಾಗಿ ಬೆಳೆಯಲು ಮುಖ್ಯ ಕಾರಣ ಮಾರುತಿ 800. 1983ರ ಡಿಸೆಂಬರ್‌ನಲ್ಲಿ ಗ್ರಾಹಕರ ಕೈಸೇರತೊಡಗಿ, 2014ರ ಜನವರಿಯಲ್ಲಿ ತಯಾರಿಕೆ ನಿಲ್ಲುವಷ್ಟರಲ್ಲಿ 25 ಲಕ್ಷಕ್ಕೂ ಹೆಚ್ಚು ಸಂಖ್ಯೆಯಲ್ಲಿ ಮಾರಾಟವಾದ ಈ ಕಾರಿನದು ಮೂರು ಸಿಲಿಂಡರಿನ, 796 ಸಿಸಿಯ, ಅಂದರೆ ಎಲ್ಲ ಸಿಲಿಂಡರುಗಳ ಒಳಗಾತ್ರ ಕೂಡಿದರೂ ಒಂದು ಲೀಟರ್ ದಾಟದ ಎಂಜಿನ್. ಬಾನೆಟ್ ಎತ್ತಿದರೆ ಬಹುಪಾಲು ಭಾಗಗಳು ಕಣ್ಣಿಗೆ ಕಾಣುತ್ತವೆ, ಕೈಗೂ ಎಟುಕುತ್ತವೆ. ಅನರ್ಥಕ್ಕೆ ಇದೇ ಮೂಲ. ಇಂದಿನ ಕಾರಿನ ಬಾನೆಟ್ ಎತ್ತಿದವರಿಗೆ ಕಪ್ಪು ಪ್ಲಾಸ್ಟಿಕ್ಕಿನ ಮುಚ್ಚಳವೊಂದು ಎದುರಾಗುವುದರಿಂದ ಅವರು ವಿನಯದಿಂದ ಹಿಂದೆ ಸರಿಯುತ್ತಾರೆ. 800ರ ಎದುರಿಗೆ ಮಾತ್ರ ಬಿ.ಕಾಂ. ಪಾಸಾದವರಿಗೂ ಎಂಜಿನಿಯರಿಂಗ್ ಹೊಳೆಯುತ್ತದೆ. ಪೆಟ್ರೋಲನ್ನು ಗಾಳಿಯೊಂದಿಗೆ ಹದವಾಗಿ ಬೆರೆಸಿ ಎಂಜಿನ್ನಿಗೆ ಒದಗಿಸುವ ಸಾಧನಕ್ಕೆ ಕಾರ್ಬೊರೇಟರ್ ಎಂದು ಹೆಸರು. ಎಂಪಿಎಫ್‌ಐ ಎಂಬ ಪೆಟ್ರೋಲ್ ಚಿಮ್ಮಿಸುವ ವ್ಯವಸ್ಥೆ ಬರುವವರೆಗೆ ಹಿಂದಿನ ಮಾದರಿಗಳಲ್ಲಿದ್ದ ಈ ಸಾಧನದ ಪಕ್ಕದಲ್ಲಿ ಒಂದು ಪುಟ್ಟ ಸ್ಕ್ರೂ ಇದ್ದು, ಅದನ್ನು ಒಂದು ವಾರ ಕಾಲು ಸುತ್ತು ಬಿಗಿ ಮಾಡುವುದು, ಮರುವಾರ ಅರ್ಧ ಸುತ್ತು ಸಡಿಲ ಮಾಡುವುದು ಯಜಮಾನರ ನಿತ್ಯಕರ್ಮಗಳಲ್ಲೊಂದಾಗಿದೆ. ಸ್ಕ್ರೂ ಮೊದಲು ಎಲ್ಲಿತ್ತು ಎಂಬುದು ಗಾಡಿ ತಯಾರಿಸಿದವರಿಗೂ ಈಗ ಹೇಳಲಾಗದ ವಿಷಯ.

ಇಂಥ ಕಾರು ಅವರ ಮನೆಗೆ ಬಂದ ಬಗೆಯಲ್ಲಿ ಹೆಚ್ಚಿನ ವೈವಿಧ್ಯವಿಲ್ಲ. ‘ಡಾಕ್ಟ್ರು ಓಡಿಸಿದ ಗಾಡಿ ಸಾರ್, ಮನೆಯಿಂದ ಕ್ಲಿನಿಕ್ಕಿಗೆ, ಕ್ಲಿನಿಕ್ಕಿಂದ ಮನೆಗೆ, ಅಷ್ಟೇ’ ಎಂಬ ಬ್ರೋಕರಿನ ಮಾತಿನಿಂದಲೇ ವ್ಯವಹಾರ ಶುರುವಾಗುತ್ತದೆ. ಬ್ರೋಕರುಗಳ ಮಾತನ್ನೆಲ್ಲ ನಂಬುವುದಾದರೆ ಈ ರಾಜ್ಯದ ಪ್ರತಿಯೊಬ್ಬ ವೈದ್ಯರಿಗೂ ಕನಿಷ್ಠ ಒಂದು ಡಜನ್ ಕಾರು ಇದ್ದಿರಬೇಕು. ಅದು ಹೋಗಲಿ, ಬರೀ ಒಂದೆರಡು ಕಿಲೋಮೀಟರಿನ ಓಡಾಟ ಗಾಡಿಗೆ ಒಳ್ಳೆಯದೇ ಅಲ್ಲ. ಎಂಜಿನ್ ಸರಿಯಾಗಿ ಬಿಸಿಯೇರುವ ಮೊದಲೇ ನಿಂತುಬಿಡುವುದರಿಂದ ಆಯಿಲಿನಲ್ಲಿ ಸೇರಿದ ತೇವ ಆವಿಯಾಗಿ ಹೋಗುವುದಿಲ್ಲ, ಬ್ಯಾಟರಿಗೂ ಪೂರ್ತಿ ಚಾರ್ಜ್ ಆಗಲು ಪುರುಸೊತ್ತು ಸಿಗುವುದಿಲ್ಲ. ಆದರೆ ಡಾಕ್ಟರ್ ಎಂಬ ಹೆಸರು ಕಿವಿಗೆ ಬಿದ್ದ ಮೇಲೆ ಯಜಮಾನರಿಗೆ ಇಂಥ ವಿಚಾರಗಳು ತೋಚುವುದಿಲ್ಲ. ಅವರು ಬಾಗಿಲನ್ನು ತೆಗೆದು ಹಾಕಿ ಶಬ್ದ ಆಲಿಸುತ್ತಾರೆ, ಟೈರನ್ನು ಒಮ್ಮೆ ಒದೆಯುತ್ತಾರೆ, ಆಮೇಲೆ ಹಿಂದಕ್ಕೆ ಹೋಗಿ ಸೈಲೆನ್ಸರಿನ ಹೊಗೆಯನ್ನು ಪರಿಶೀಲಿಸುತ್ತಾರೆ. ನೀಲಿ ಹೊಗೆಯಾದರೆ ಪಿಸ್ಟನ್ ರಿಂಗ್ ಸವೆದು ಆಯಿಲ್ ಉರಿಯುತ್ತಿದೆ, ಕಪ್ಪಾದರೆ ಪೆಟ್ರೋಲ್ ಅತಿಯಾಗಿದೆ, ಬಿಳಿಯ ಹೊಗೆ ನಿಲ್ಲದೆ ಬರುತ್ತಿದ್ದರೆ ನೀರು ಸಿಲಿಂಡರಿನೊಳಗೆ ಸೇರುತ್ತಿದೆ ಎಂಬುದೆಲ್ಲ ಅವರಿಗೆ ಬಾಯಿಪಾಠವಾಗಿರುತ್ತದೆ. ತಾವು ಬರುವ ಅರ್ಧ ಗಂಟೆ ಮೊದಲೇ ಬ್ರೋಕರ್ ಎಂಜಿನ್ ಸ್ಟಾರ್ಟ್ ಮಾಡಿ ಬಿಸಿ ಮಾಡಿಟ್ಟಿದ್ದನೆಂಬುದು ಮಾತ್ರ ಅವರ ಗಮನಕ್ಕೆ ಬರುವುದಿಲ್ಲ. ತಣ್ಣಗಿರುವ ಎಂಜಿನ್ನಷ್ಟೇ ಬಾಯಿಬಿಡುವ ಗುಟ್ಟುಗಳು ಹೀಗೆ ಗುಟ್ಟಾಗಿಯೇ ಉಳಿದು, ಮಾಲೀಕತ್ವದ ವರ್ಗಾವಣೆಗೆ ಬೇಕಾದ ಫಾರಂ 29 ಮತ್ತು 30ಕ್ಕೆ ಸಹಿ ಬಿದ್ದ ಮರುದಿನ ಬೆಳಿಗ್ಗೆ ನೀಲಿಬಣ್ಣದಲ್ಲಿ ಪ್ರಕಟವಾಗುತ್ತವೆ.

ಯಜಮಾನರ ಪಂಚೇಂದ್ರಿಯಗಳಲ್ಲಿ ಅತ್ಯಂತ ವಿಕಾಸ ಹೊಂದಿರುವುದು ಕಿವಿ. ಗಾಡಿ ಹೊರಟು ಮೊದಲನೆಯ ಹಂಪ್ ದಾಟುತ್ತಿದ್ದಂತೆ ಅವರು ಬಲಗೈಯನ್ನು ಸ್ಟೀರಿಂಗ್‌ನಿಂದ ಒಂದಿಷ್ಟು ಮೇಲೆತ್ತಿ, ಎಡಗೈಯಿಂದ ಹಾಡನ್ನು ಬಂದ್ ಮಾಡಿ, ‘ಶ್!’ ಎನ್ನುತ್ತಾರೆ. ಹೆಂಡತಿ ಅರ್ಧಕ್ಕೆ ಮಾತು ನಿಲ್ಲಿಸುತ್ತಾರೆ, ಹಿಂದಿನ ಸೀಟಿನ ಮಕ್ಕಳು ಚಿಪ್ಸ್ ಅಗಿಯುವುದನ್ನು ಬಿಡುತ್ತಾರೆ, ಅತ್ತೆ ಬಳೆಗಳನ್ನು ಒತ್ತಿ ಹಿಡಿದುಕೊಳ್ಳುತ್ತಾರೆ. ಈ ನೀರವತೆಯಲ್ಲಿ ಅವರಿಗೊಬ್ಬರಿಗೇ ಕೇಳಿಸುವ ಶಬ್ದಕ್ಕಾಗಿ ಬೀದಿಯ ಇನ್ನೂ ಮೂರು ಹಂಪುಗಳನ್ನು ಹಿಂದೆ ಮುಂದೆ ದಾಟಲಾಗುತ್ತದೆ. ಚಕ್ರವನ್ನು ಹಿಡಿದಿರುವ ಲೋವರ್ ಆರ್ಮ್ ಎಂಬ ಕಬ್ಬಿಣದ ತೋಳು ಚಾಸಿಯನ್ನು ಸೇರುವೆಡೆ ಬುಷ್ ಎಂಬ ರಬ್ಬರಿನ ಬಳೆಯಿದ್ದು, ಅದು ಸವೆದಾಗ ಗುಂಡಿ ಬಿದ್ದ ರಸ್ತೆಯಲ್ಲಿ ‘ಕಟ್’ ಎನ್ನುತ್ತದೆ. ಎಂಜಿನ್ನಿನ ಬಲವನ್ನು ಮುಂಚಕ್ರಕ್ಕೆ ಮುಟ್ಟಿಸುವ ಆಕ್ಸೆಲಿನ ಜಾಯಿಂಟ್ ಸವೆದರೆ ಸ್ಟೀರಿಂಗ್ ಪೂರ್ತಿ ತಿರುಗಿಸಿ ಆಕ್ಸಿಲರೇಟರ್ ಒತ್ತಿದಾಗ ‘ಟಕಟಕಟಕ’ ಎನ್ನುತ್ತದೆ. ವೀಲ್ ಬೇರಿಂಗ್ ಹೋದರೆ ವೇಗ ಹೆಚ್ಚಿದಂತೆಲ್ಲ ಹೆಚ್ಚುವ ‘ಗೂಂ’ ಎಂಬ ನಾದ ಹೊರಡುತ್ತದೆ. ಇವಿಷ್ಟೂ ಶಾಸ್ತ್ರಸಮ್ಮತವಾದ ಸಂಗತಿಗಳೇ ಆಗಿದ್ದು, ಯಜಮಾನರ ಜ್ಞಾನ ಈ ವಿಷಯದಲ್ಲಿ ಪ್ರಶ್ನಾತೀತ. ದುರದೃಷ್ಟವೆಂದರೆ ಅವರು ಎರಡು ವಾರ ಬೆನ್ನುಹತ್ತಿದ ‘ಕಟ್’ ಶಬ್ದದ ಮೂಲ ಬುಷ್ ಆಗಿರದೆ, ಡಿಕ್ಕಿಯಲ್ಲಿ ಸ್ಟೆಪ್ನಿಯ ಪಕ್ಕ ಉರುಳಾಡುತ್ತಿದ್ದ ಜಾಕ್ ಆಗಿರುತ್ತದೆ. ಅಷ್ಟರಲ್ಲಿ ನಾಲ್ಕೂ ಬುಷ್ ಬದಲಾಗಿರುತ್ತವೆ. ‘ಹೇಗೂ ಒಂದಿನ ಹಾಕಿಸಲೇಬೇಕಿತ್ತು’ ಎಂಬುದು ಇಂಥ ಸಂದರ್ಭಗಳಲ್ಲಿ ಅವರ ತೀರ್ಮಾನ.

ಆದರೆ ಯಜಮಾನರ ವ್ಯಕ್ತಿತ್ವ ಅದರ ಪೂರ್ಣ ಪ್ರಭೆಯಲ್ಲಿ ಬೆಳಗುವುದು ಘಾಟಿ ರಸ್ತೆಯಲ್ಲಿ. ಧರ್ಮಸ್ಥಳದಲ್ಲಿ ಮಂಜುನಾಥನ ದರ್ಶನ, ಊಟ ಎಲ್ಲ ಮುಗಿಸಿ, ಚಾರ್ಮಾಡಿ ಘಾಟಿಯ ತಿರುವುಗಳನ್ನು ಒಂದೊಂದಾಗಿ ಏರುತ್ತಿರುವಾಗ, ಎಂಜಿನ್ನಿನ ಬಿಸಿಯನ್ನು ತೋರಿಸುವ ಮುಳ್ಳು ನಡುವಿನ ಗೆರೆಯನ್ನು ಬಿಟ್ಟು ಕೆಂಪಿನ ಕಡೆಗೆ ಸರಿಯತೊಡಗುತ್ತದೆ. ಎಂಜಿನ್ನಿನ ಸುತ್ತ ಹರಿದು ಕಾದ ನೀರನ್ನು ಗಾಳಿಗೊಡ್ಡಿ ತಣಿಸುವುದು ರೇಡಿಯೇಟರಿನ ಕೆಲಸ. ಅದಕ್ಕೆ ನಿಗದಿಯಾದ ಕೂಲೆಂಟ್ ದ್ರವವನ್ನೇ ಹಾಕಬೇಕೆಂದಿದ್ದರೂ, ‘ನೀರು ನೀರೇ ಅಲ್ಲವೇ’ ಎಂದು ವರ್ಷಗಟ್ಟಲೆ ಬೋರ್‌ವೆಲ್ಲಿನ ಗಡಸು ನೀರನ್ನು ಸುರಿದ ಪರಿಣಾಮವಾಗಿ ಒಳಗಿನ ಸಣ್ಣ ನಳಿಗೆಗಳಲ್ಲಿ ಸುಣ್ಣ ಕಟ್ಟಿಕೊಂಡಿರುತ್ತದೆ. ಆಗ ಯಜಮಾನರು ಗಂಭೀರವಾಗಿ ಎಸಿ ಆರಿಸಿ, ಹೀಟರನ್ನು ಪೂರ್ತಿಯಾಗಿ ಹಾಕುತ್ತಾರೆ. ಏಪ್ರಿಲ್ ತಿಂಗಳ ಮಧ್ಯಾಹ್ನ ಎರಡು ಗಂಟೆಗೆ, ಐದು ಜನ ತುಂಬಿರುವ ಕಾರಿನೊಳಕ್ಕೆ ಬಿಸಿಗಾಳಿ ನುಗ್ಗತೊಡಗುತ್ತದೆ. ಇದನ್ನು ಹುಚ್ಚೆಂದು ಭಾವಿಸುವುದು ಅಜ್ಞಾನ. ಹೀಟರಿನೊಳಗೂ ಒಂದು ಪುಟ್ಟ ರೇಡಿಯೇಟರ್ ಇದ್ದು, ಎಂಜಿನ್ನಿನ ಬಿಸಿನೀರು ಅದರ ಮೂಲಕವೂ ಹರಿಯುವುದರಿಂದ, ಅದನ್ನು ಹಾಕಿದಾಗ ಎಂಜಿನ್ನಿನ ಕಾವಿನ ಒಂದು ಪಾಲು ಕುಟುಂಬದ ಸದಸ್ಯರಿಗೆ ವರ್ಗಾವಣೆಯಾಗುತ್ತದೆ. ಮುಳ್ಳು ನಿಜವಾಗಿಯೂ ಎರಡು ಗೆರೆ ಇಳಿಯುತ್ತದೆ. ‘ನೋಡಿದ್ರಾ!’ ಎಂದು ಯಜಮಾನರು ಹಿಂತಿರುಗಿ ನೋಡಿದಾಗ ಸೆರಗಿನಿಂದ ಕತ್ತು ಒರೆಸಿಕೊಳ್ಳುತ್ತಿರುವ ಹೆಂಡತಿ, ‘ರೀ, ಬಸ್ಸಲ್ಲಿ ಹತ್ತಿದ್ರೆ ಇಷ್ಟೊತ್ತಿಗೆ ಕೊಟ್ಟಿಗೆಹಾರದಲ್ಲಿ ಕಾಫಿ ಕುಡೀಬಹುದಿತ್ತು’ ಎನ್ನುತ್ತಾರೆ. ಅದೇ ಹೊತ್ತಿಗೆ ಸರ್ಕಾರಿ ಬಸ್ಸೊಂದು ಹಾರ್ನ್ ಹೊಡೆದು ಮುಂದೆ ಹೋಗುವುದೂ ವಾಡಿಕೆ.

ಅಷ್ಟಕ್ಕೂ ಬಗ್ಗದಿದ್ದರೆ ಗಾಡಿಯನ್ನು ತೊರೆಯ ಪಕ್ಕ ನಿಲ್ಲಿಸಲಾಗುತ್ತದೆ. ರೇಡಿಯೇಟರಿನ ಮುಚ್ಚಳ ಒಳಗಿನ ನೀರನ್ನು ಒತ್ತಡದಲ್ಲಿ ಹಿಡಿದಿಡುತ್ತದೆ. ಒತ್ತಡದಲ್ಲಿರುವ ನೀರು ನೂರು ಡಿಗ್ರಿ ದಾಟಿದರೂ ಕುದಿಯುವುದಿಲ್ಲವಾದ್ದರಿಂದ, ಮುಚ್ಚಳ ಸಡಿಲವಾದ ಕ್ಷಣವೇ ಅದು ಕುದಿದು ಉಗಿಯೊಂದಿಗೆ ಚಿಮ್ಮುತ್ತದೆ. ಇದನ್ನು ಎಲ್ಲರಿಗೂ ವಿವರಿಸಿ, ಮಕ್ಕಳನ್ನು ಹತ್ತಡಿ ದೂರ ನಿಲ್ಲಿಸಿ, ಯಜಮಾನರು ಮುಕ್ಕಾಲು ಗಂಟೆ ಕಾಯುತ್ತಾರೆ. ಕಾಯಬೇಕಾದ ವಿಷಯದಲ್ಲಿ ಅವರಷ್ಟು ಶಿಸ್ತಿನವರು ಇನ್ನೊಬ್ಬರಿಲ್ಲ. ಕಾಯಿಸಿಕೊಂಡವರ ವಿಷಯ ಪ್ರತ್ಯೇಕ ಅಧ್ಯಯನಕ್ಕೆ ಅರ್ಹವಾಗಿದೆ.

ಊರಿಗೆ ಮರಳಿದ ಮೇಲೆ ಗ್ಯಾರೇಜು. ಯಜಮಾನರು ‘ಇದೊಂದು’ ಎಂಬ ಪದದಲ್ಲಿ ನಂಬಿಕೆ ಇಟ್ಟಿರುವಂತೆ ಮೆಕ್ಯಾನಿಕ್ ‘ಹೇಗೂ’ ಎಂಬ ಪದದಲ್ಲಿ ನಂಬಿಕೆ ಇಟ್ಟಿರುತ್ತಾನೆ, ಮತ್ತು ಈ ಎರಡು ದರ್ಶನಗಳ ಸಂಗಮದಿಂದಲೇ ಬಿಲ್ಲು ಹುಟ್ಟುತ್ತದೆ. ಕ್ಲಚ್ ಪ್ಲೇಟ್ ಎಂಬುದು ಎಂಜಿನ್ನನ್ನೂ ಗೇರ್‌ಬಾಕ್ಸನ್ನೂ ಬೇಕಾದಾಗ ಸೇರಿಸಿ ಬೇಡವಾದಾಗ ಬಿಡಿಸುವ ಬಿಲ್ಲೆ. ಅದು ಸವೆದಾಗ ಎಂಜಿನ್ ಎಷ್ಟು ಕೂಗಿದರೂ ಗಾಡಿ ಏರು ಹತ್ತುವುದಿಲ್ಲ. ಅದನ್ನು ಬದಲಿಸಲು ಗೇರ್‌ಬಾಕ್ಸ್ ಇಳಿಸಬೇಕಾಗುತ್ತದೆ. ‘ಹೇಗೂ ಇಳಿಸಿದೀವಲ್ಲ ಸಾರ್, ಪ್ರೆಷರ್ ಪ್ಲೇಟು, ರಿಲೀಸ್ ಬೇರಿಂಗು ಎರಡೂ ಹಾಕಿಬಿಡೋಣ. ನಾಳೆ ಅದು ಹೋದ್ರೆ ಮತ್ತೆ ಇಷ್ಟೇ ಲೇಬರು’ ಎಂಬ ಮೆಕ್ಯಾನಿಕ್ಕಿನ ವಾದದಲ್ಲಿ ತಪ್ಪು ಹುಡುಕುವುದು ಕಷ್ಟ, ಏಕೆಂದರೆ ಅದು ಸರಿಯಾದ ವಾದ. ಅಲ್ಲಿಂದ ಮುಂದೆ ‘ಹೇಗೂ’ ಎಂಜಿನ್ ಮೌಂಟಿಂಗಿಗೆ, ಆಯಿಲ್ ಸೀಲಿಗೆ, ಕೊನೆಗೆ ಬಾಗಿಲಿನ ಹಿಡಿಗೂ ಹಬ್ಬುತ್ತದೆ. ಕಾರಿನಡಿಯಿಂದ ‘ಲೋ, ಹನ್ನೆರಡು-ಹದಿಮೂರು ಕೊಡೋ’ ಎಂದು ಸ್ಪ್ಯಾನರ್ ಕೇಳುವ ದನಿ ಬಂದಾಗ, ಹುಡುಗನಿಗಿಂತ ಮೊದಲು ಬಗ್ಗಿ ಅದನ್ನು ಎತ್ತಿಕೊಡುವವರು ಯಜಮಾನರೇ.

ಥರ್ಮೋಸ್ಟ್ಯಾಟ್ ವಾಲ್ವಿನ ಪ್ರಸಂಗವನ್ನೂ ಇಲ್ಲಿ ಹೇಳಬೇಕು. ಎಂಜಿನ್ ಸಾಕಷ್ಟು ಬಿಸಿಯಾಗುವವರೆಗೆ ನೀರನ್ನು ರೇಡಿಯೇಟರಿಗೆ ಬಿಡದೆ ತಡೆದು, ಆಮೇಲೆ ತಾನಾಗಿ ತೆರೆದುಕೊಳ್ಳುವ ಈ ವಾಲ್ವನ್ನು ಮೆಕ್ಯಾನಿಕ್ ಕಿತ್ತು ಯಜಮಾನರ ಅಂಗೈಗಿಟ್ಟು, ‘ಇದು ಚಳಿದೇಶದವರಿಗೆ ಸಾರ್, ನಮ್ಮೂರಿಗೆ ಬೇಡ’ ಎನ್ನುತ್ತಾನೆ. ಗಾಡಿ ಬಿಸಿಯೇರುವುದು ಕೆಲವು ದಿನ ನಿಂತಂತೆ ಕಾಣುತ್ತದೆ. ಎಂಜಿನ್ ಹದವಾದ ಬಿಸಿಗೆ ಬರಲು ತಡವಾಗಿ ಮೈಲೇಜ್ ಇಳಿಯತೊಡಗಿದಾಗ, ಕಾರಣ ಹುಡುಕುವ ಹೊಸದೊಂದು ಭಾನುವಾರ ಆರಂಭವಾಗುತ್ತದೆ. ಸುಣ್ಣ ಕಟ್ಟಿದ ರೇಡಿಯೇಟರ್ ಮಾತ್ರ ಇದ್ದಲ್ಲೇ ಇದ್ದು, ಮುಂದೊಂದು ದಿನ ಎಂಜಿನ್ನಿನ ಮೇಲ್ಭಾಗಕ್ಕೂ ಕೆಳಭಾಗಕ್ಕೂ ನಡುವೆ ಸೋರಿಕೆ ತಡೆಯುವ ಹೆಡ್ ಗ್ಯಾಸ್ಕೆಟ್ ಸುಟ್ಟು, ನೀರು ಆಯಿಲಿಗೆ ಸೇರಿ, ಡಿಪ್ ಸ್ಟಿಕ್ಕಿನ ತುದಿಯಲ್ಲಿ ಹಾಲು ಹೆಚ್ಚಾದ ಕಾಫಿಯಂಥ ಪದಾರ್ಥ ಕಾಣಿಸಿಕೊಳ್ಳುತ್ತದೆ. ಇದು ದೊಡ್ಡ ರಿಪೇರಿ. ಹೆಡ್ ಬಿಚ್ಚಿ ಲೇತಿಗೆ ಕಳಿಸಬೇಕು. ಯಜಮಾನರ ಮುಖದಲ್ಲಿ ಅಂದು ಕಾಣುವುದು ಶೋಕವಲ್ಲ. ಎಂಜಿನ್ನೇ ಬಿಚ್ಚಿದ ಮೇಲೆ ಮುಂದೆ ಕೆಡಲು ಉಳಿಯುವುದಾದರೂ ಏನು ಎಂಬ ನೆಮ್ಮದಿ.

ಬಿಡಿಭಾಗಗಳಲ್ಲಿ ಉಳಿತಾಯ ಮಾಡಲೆಂದು ಬೆಂಗಳೂರಿನ ಯಜಮಾನರು ರಜೆ ಹಾಕಿ ಜೆ.ಸಿ. ರಸ್ತೆಗೆ ಹೋಗುತ್ತಾರೆ. ಪ್ಲಾಸ್ಟಿಕ್ ಕವರಿನಲ್ಲಿ ಹಳೆಯ ಭಾಗವನ್ನು ಗ್ರೀಸಿನ ಸಮೇತ ಕಟ್ಟಿಕೊಂಡು ಅಂಗಡಿಯಿಂದ ಅಂಗಡಿಗೆ ಅಲೆದು, ‘ಕಾರ್ಬೊರೇಟರಾ, ಎಂಪಿಎಫ್‌ಐಯಾ?’, ‘ಒರಿಜಿನಲ್ ಬೇಕಾ, ಲೋಕಲ್ ಸಾಕಾ?’ ಎಂಬ ಪ್ರಶ್ನೆಗಳಿಗೆ ಉತ್ತರಿಸುತ್ತ, ನೂರಿಪ್ಪತ್ತು ರೂಪಾಯಿ ಉಳಿಸಿ, ಪಾರ್ಕಿಂಗಿಗೆ ನಿಷಿದ್ಧವಾದ ಜಾಗದಲ್ಲಿ ಗಾಡಿ ನಿಲ್ಲಿಸಿದ್ದಕ್ಕೆ ಅದಕ್ಕಿಂತ ಹೆಚ್ಚು ದಂಡ ಕಟ್ಟುತ್ತಾರೆ. ದಂಡ ರಿಪೇರಿಯ ಲೆಕ್ಕಕ್ಕೆ ಬರುವುದಿಲ್ಲ. ರಿಪೇರಿಯೂ ಯಾವ ಲೆಕ್ಕಕ್ಕೂ ಬರುವುದಿಲ್ಲ ಎಂಬುದು ಇನ್ನೂ ಸೋಜಿಗ: ಪೆಟ್ರೋಲ್ ಹಾಕಿಸಿದ ತಾರೀಖು, ಲೀಟರು, ಓಡಿದ ಕಿಲೋಮೀಟರು, ದಶಾಂಶ ಸಹಿತವಾದ ಮೈಲೇಜು ಇವೆಲ್ಲ ಎಲ್ಐಸಿಯ ಹಳೆಯ ಡೈರಿಯಲ್ಲಿ ದುಂಡಗಿನ ಅಕ್ಷರಗಳಲ್ಲಿ ದಾಖಲಾಗಿದ್ದು, ಗ್ಯಾರೇಜಿಗೆ ಕೊಟ್ಟ ಹಣದ ಸುಳಿವು ಎಲ್ಲಿಯೂ ಇರುವುದಿಲ್ಲ. ಕೊನೆಯ ಖರ್ಚನ್ನು ಯಾರು ಬರೆದಿಡುತ್ತಾರೆ?

ವೈರು ಕಡಿಯುವ ಇಲಿಗಳ ವಿರುದ್ಧ ಬಾನೆಟ್ಟಿನೊಳಗೆ ಹೊಗೆಸೊಪ್ಪು, ನುಸಿಗುಳಿಗೆ ಕಟ್ಟುವುದು, ಆಯುಧಪೂಜೆಯ ದಿನ ನಾಲ್ಕೂ ಚಕ್ರಗಳಡಿ ನಿಂಬೆಹಣ್ಣಿಟ್ಟು ಹೊರಡುವಾಗ ಸೆಲ್ಫ್ ತೆಗೆದುಕೊಳ್ಳದೆ ಪೂಜೆಗೆ ಬಂದವರೆಲ್ಲ ಸೇರಿ ತಳ್ಳುವುದು ಇತ್ಯಾದಿ ಆಚಾರಗಳು ಸರ್ವವಿದಿತವಾಗಿವೆ. ಇವುಗಳ ಜೊತೆಗೆ ಸರ್ಕಾರಿ ಆಚಾರವೂ ಒಂದಿದೆ: ಹದಿನೈದು ವರ್ಷ ತುಂಬಿದ ಖಾಸಗಿ ಕಾರಿನ ನೋಂದಣಿಯನ್ನು ಮುಂದಿನ ಐದು ವರ್ಷಕ್ಕೆ ನವೀಕರಿಸಬೇಕಾಗಿದ್ದು, ಜನರು ಎಫ್‌ಸಿ ಎಂದು ಕರೆಯುವ ಈ ನವೀಕರಣದ ಶುಲ್ಕ 2022ರ ಏಪ್ರಿಲ್‌ನಲ್ಲಿ 600 ರೂಪಾಯಿಯಿಂದ 5,000 ರೂಪಾಯಿಗೆ ಏರಿತು. ಬಹಳಷ್ಟು ಜನ ಹಳೆಯ ಗಾಡಿಯ ಆಸೆ ಬಿಟ್ಟದ್ದು ಇಂಥ ಹೊತ್ತಿನಲ್ಲೇ. ಯಜಮಾನರು ಮಾತ್ರ ಗಾಡಿಗೆ ಟಿಂಕರಿಂಗ್ ಮಾಡಿಸಿ, ಅಂದರೆ ನೆಗ್ಗಿದ ತಗಡನ್ನು ತಟ್ಟಿಸಿ ಬಣ್ಣ ಬಳಿಸಿ, ಆರ್‌ಟಿಒ ಕಚೇರಿಯ ಸಾಲಿನಲ್ಲಿ ನಿಂತರು. ಸರ್ಕಾರದ ಮುದ್ರೆಯೊಂದಿಗೆ ಬಂದ ಐದು ವರ್ಷದ ಅವಧಿ ತಮ್ಮ ಸಿದ್ಧಾಂತಕ್ಕೆ ಸಿಕ್ಕ ಅಧಿಕೃತ ಮನ್ನಣೆಯೆಂದು ಅವರು ಭಾವಿಸಿದ್ದಾರೆ.

ಮಕ್ಕಳ ಒತ್ತಾಯಕ್ಕೆ ಮಣಿದು ಗಾಡಿಯನ್ನು ಮಾರಿದ ಯಜಮಾನರೂ ಅಪರೂಪಕ್ಕೆ ಸಿಗುತ್ತಾರೆ. ಮಾರುವಾಗ ಅವರು ಬ್ರೋಕರನ್ನು ಕರೆಯುವುದಿಲ್ಲ. ಕೊಳ್ಳಲು ಬಂದವರಿಗೆ ಕಾಫಿ ಕೊಟ್ಟು, ಗಾಡಿಯ ಒಂದೊಂದು ದೋಷವನ್ನೂ ಮುಚ್ಚುಮರೆಯಿಲ್ಲದೆ ಎರಡು ಗಂಟೆ ವಿವರಿಸುವುದರಿಂದ ಮೊದಲ ನಾಲ್ಕು ಗಿರಾಕಿಗಳು ಹಿಂತಿರುಗುತ್ತಾರೆ, ಐದನೆಯವನು ವಿವರಣೆಗೇ ಮಾರುಹೋಗಿ ಕೊಳ್ಳುತ್ತಾನೆ. ಮನೆಯ ಮುಂದೆ ಹೊಸ ಕಾರು ಬಂದು ನಿಂತರೂ, ಅದು ಯಾವ ಶಬ್ದವನ್ನೂ ಮಾಡದ್ದರಿಂದ ಯಜಮಾನರು ಭಾನುವಾರ ಪತ್ರಿಕೆಯ ಪುರವಣಿಯನ್ನು ಎರಡೆರಡು ಸಲ ಓದುವಂತಾಗುತ್ತದೆ. ಹೀಗಿರುತ್ತ ಒಂದು ರಾತ್ರಿ ಒಂಬತ್ತೂವರೆಗೆ ಹೊಸ ಮಾಲೀಕನ ಫೋನ್ ಬರುತ್ತದೆ: ‘ಸಾರ್, ತೊಂದರೆ ಕೊಡ್ತಿದೀನಿ, ಗಾಡಿ ತಿರುಗಿಸುವಾಗ ಏನೋ ಟಕಟಕ ಅಂತಿದೆ.’ ಯಜಮಾನರು ಊಟದ ತಟ್ಟೆಯನ್ನು ಪಕ್ಕಕ್ಕೆ ಸರಿಸಿ, ಟಿ.ವಿ. ಆರಿಸುವಂತೆ ಮನೆಯವರಿಗೆ ಸನ್ನೆ ಮಾಡಿ, ‘ಎಡಕ್ಕೆ ತಿರುಗಿಸಿದಾಗಲೋ, ಬಲಕ್ಕೋ?’ ಎಂದು ಕೇಳುತ್ತಾರೆ.